ಹತ್ತಿರದ ಸೂಕ್ತ ಆಸ್ಪತ್ರೆ

ನನ್ನ ಹತ್ತಿರ ಒಂದು ಪಾಸ್‌ಪೋರ್ಟ್ ಇದೆ. ಫೋಟೋ ಇರುವ ಪುಟ ಬಿಟ್ಟರೆ ಮಿಕ್ಕಿದ್ದೆಲ್ಲ ಖಾಲಿ. ಎಲ್ಲಾದರೂ ಗುರುತಿನ ಚೀಟಿ ಕೇಳಿದರೆ ಆಧಾರ್ ಬದಲು ಬೇಕೆಂದೇ ಅದನ್ನು ತೆಗೆದು ತೋರಿಸುತ್ತೇನೆ. "ಎಲ್ಲಿಗೆ ಹೋಗಿದ್ರಿ ಮೇಡಂ?" ಎಂದು ಕೇಳಿದವರಿಗೆ "ಎಲ್ಲಿಗೂ ಇಲ್ಲ" ಎನ್ನುತ್ತೇನೆ. ಅವರು ಮುಂದೆ ಕೇಳುವುದಿಲ್ಲ. ನನ್ನ ಮುಖ ಹಾಗಿರುತ್ತದೆ.

ಹೋಗಿದ್ದವರು ನಮ್ಮ ಮನೆಯವರು. ಅರಸೀಕೆರೆಯಲ್ಲಿ ಅವರದು ಕೊಬ್ಬರಿ ಮಂಡಿ. ಅವರಿಗೆ ಮೊದಲು ದೇವರು, ಆಮೇಲೆ ಕೊಬ್ಬರಿ, ಮೂರನೆಯವಳು ನಾನು ಎಂದು ಆಡಿಕೊಳ್ಳುತ್ತಿದ್ದೆ. ಮಕ್ಕಳಿಲ್ಲದ್ದರಿಂದ ನಾಲ್ಕನೆಯ ಜಾಗ ಖಾಲಿಯೇ ಉಳಿಯಿತು. ಆಫ್ರಿಕಾದ ಪೂರ್ವ ಕರಾವಳಿಯಾಚೆಯ ಒಂದು ದ್ವೀಪದಲ್ಲಿ, ತಲೆತಲಾಂತರದಿಂದ ಅಲ್ಲೇ ನೆಲೆಸಿದ ಗುಜರಾತಿ ಮನೆತನವೊಂದು ತೆಂಗಿನೆಣ್ಣೆ ಕಾರ್ಖಾನೆ ನಡೆಸುತ್ತದೆ. ಅವರಿಗೆ ಹೋಳು ಕೊಬ್ಬರಿ ಗೊತ್ತಿತ್ತು, ಉಂಡೆ ಕೊಬ್ಬರಿ ಗೊತ್ತಿರಲಿಲ್ಲ. ಉಂಡೆ ಕೊಬ್ಬರಿ ಮಾಡುವುದೆಂದರೆ ಹೆಚ್ಚುಕಡಿಮೆ ಸುಮ್ಮನಿರುವುದು. ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಎನ್ನುವ ತನಕ ಹತ್ತಿರ ಹತ್ತಿರ ಒಂದು ವರ್ಷ ಕಾಯಬೇಕು. ಆ ಕಾಯುವಿಕೆಯನ್ನು ಕಲಿಸುವುದಕ್ಕೆ ಅವರಿಗೊಬ್ಬ ಅರಸೀಕೆರೆಯವನು ಬೇಕಾಗಿದ್ದ. ಐವತ್ತು ದಾಟಿದ ನಮ್ಮ ಮನೆಯವರು, ತಿಪಟೂರು ದಾಟಿದರೆ ಊಟ ಸೇರದು ಎನ್ನುತ್ತಿದ್ದವರು, ಹೋಗುತ್ತೇನೆ ಎಂದುಬಿಟ್ಟರು. ನಾನು ಒಂದು ವಾರ ಮಾತು ಬಿಟ್ಟೆ. ಅವರಿಗೆ ಅದು ಗೊತ್ತಾಯಿತೋ ಇಲ್ಲವೋ.

ಕಾರ್ಖಾನೆಯವರದು ಒಂದೇ ಷರತ್ತು. ದ್ವೀಪದಲ್ಲಿರುವುದು ಸಣ್ಣ ಆಸ್ಪತ್ರೆ, ಆದ್ದರಿಂದ ವರ್ಷಪೂರ್ತಿಯ ಆರೋಗ್ಯವಿಮೆ ಮಾಡಿಸಿಕೊಂಡೇ ಬರಬೇಕು, ಅದರಲ್ಲಿ ರೋಗಿಯನ್ನು ಅಲ್ಲಿಂದ ವಿಮಾನದಲ್ಲಿ ಸಾಗಿಸುವ ಸೌಲಭ್ಯವೂ ಇರಬೇಕು. ವಿಮೆ ಏಜೆಂಟರು ನಮ್ಮವರ ಜೊತೆ ಸ್ಕೂಲಿನಲ್ಲಿ ಓದಿದವರು. ಅರ್ಧ ಊರಿಗೆ ವಿಮೆ ಮಾಡಿಸಿದ ಕೈ ಅದು, ಆದರೆ ಪರದೇಶದ್ದು ಅವರಿಗೂ ಹೊಸದು. ನಮ್ಮ ಹಜಾರದಲ್ಲಿ ಕೂತು, ಕಾಫಿ ಕುಡಿದು, ವಿವರಿಸಿದರು.

"ಅಲ್ಲಿ ಏನೋ ಹೆಚ್ಚುಕಮ್ಮಿ ಆಯ್ತು ಅನ್ನಿ ಅತ್ತಿಗೆ, ವಿಮಾನದಲ್ಲಿ ಎತ್ತಾಕ್ಕೊಂಡು ಬತ್ತಾರೆ."

"ಎಲ್ಲಿಗೆ?"

"ಇನ್ನೆಲ್ಲಿಗೆ? ಮನೇಗೆ."

ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಸಣ್ಣ ಅಕ್ಷರ ಕಂಡರೆ ಓದದೆ ಬಿಡುವವಳಲ್ಲ. ಅವರ ಕೈಯಿಂದ ಕಾಗದ ಇಸಿದುಕೊಂಡು ಓದಿದೆ. ಆ ಪುಟದಲ್ಲಿ ಮನೆ ಎಂಬ ಮಾತು ಎಲ್ಲೂ ಇರಲಿಲ್ಲ. ರೋಗಿಯನ್ನು 'ಹತ್ತಿರದ ಸೂಕ್ತ ಆಸ್ಪತ್ರೆ'ಗೆ ಸಾಗಿಸಲಾಗುವುದು ಎಂದಿತ್ತು. ಹತ್ತಿರ ಎಂದರೆ ಯಾರಿಗೆ ಹತ್ತಿರ ಎಂದು ಕೇಳಿದೆ. ಏಜೆಂಟರು ನಮ್ಮವರ ಮುಖ ನೋಡಿದರು. ನಮ್ಮವರು ನಕ್ಕರು. "ಬಿದ್ದವನಿಗೆ ಹತ್ತಿರ ಕಣೇ. ನಿಂಗೆ ಹತ್ತಿರ ಇರೋ ಆಸ್ಪತ್ರೆ ಕಟ್ಕೊಂಡು ನಾನೇನು ಮಾಡ್ಲಿ?"

ಅದು ಸರಿಯಾದ ಮಾತೇ. ಸರಿಯಾದ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಏಜೆಂಟರು ಒಂದೊಂದು ಪುಟವನ್ನೂ ಓದಿ ಹೇಳುತ್ತಾ ಬಂದವರು ಒಂದು ಕಡೆ ಎರಡು ಹಾಳೆ ಒಟ್ಟಿಗೆ ತಿರುವಿದರು. ಸತ್ತರೆ ಏನು ಎಂಬ ಪುಟ ಅದು ಎಂದು ನನಗೂ ಗೊತ್ತಾಯಿತು, ನಮ್ಮವರಿಗೂ ಗೊತ್ತಾಯಿತು. ಪ್ರಯಾಣ ಹೊರಟವನ ಮುಂದೆ ಅಂಥ ಮಾತು ಯಾರಾದರೂ ಓದುತ್ತಾರೆಯೇ? ಮುಂದಿನ ಪುಟದಲ್ಲಿ, ರೋಗಿ ಬಹಳ ದಿನ ಆಸ್ಪತ್ರೆಯಲ್ಲಿ ಉಳಿಯಬೇಕಾದರೆ ಮನೆಯವರೊಬ್ಬರು ಹೋಗಿ ಜೊತೆಗಿರಲು ವಿಮಾನದ ಟಿಕೆಟ್ಟನ್ನು ಕಂಪನಿಯೇ ಕೊಡುತ್ತದೆ ಎಂದಿತ್ತು. "ನೋಡಿ ಅತ್ತಿಗೆ, ನಿಮ್ಮನ್ನೂ ಕರ್ಕೊಂಡ್ ಹೋಗ್ತಾರೆ" ಎಂದರು ಏಜೆಂಟರು. ನನಗೆ ಸಮಾಧಾನವಾಯಿತು. ನಮ್ಮ ಇಡೀ ವಂಶದಲ್ಲಿ ಪಾಸ್‌ಪೋರ್ಟ್ ಇದ್ದದ್ದು ಅವರೊಬ್ಬರಿಗೇ, ಅದೂ ಆಗ ತಾನೇ ಮಾಡಿಸಿದ್ದು. ಹೋಗುವವನಿಗಲ್ಲವೇ ಪಾಸ್‌ಪೋರ್ಟ್, ಮನೆಯಲ್ಲಿರುವವಳಿಗೆ ಯಾಕೆ? ಆ ಟಿಕೆಟ್ಟಿಗೆ ನನಗೂ ಒಂದು ಬೇಕು ಎಂದು ಆ ಹೊತ್ತು ಅಲ್ಲಿದ್ದ ಮೂವರಿಗೂ ಹೊಳೆಯಲಿಲ್ಲ.

ಅವರು ಹೋದರು. ದಿನಾ ಸಂಜೆ ಮಂಡಿ ಮುಚ್ಚುವ ಹೊತ್ತಿಗೆ ವಿಡಿಯೋ ಕರೆ ಬರುತ್ತಿತ್ತು. ಮುಖ ತೋರಿಸುವುದು ಕಡಿಮೆ, ಅಟ್ಟ ತೋರಿಸುವುದು ಜಾಸ್ತಿ. ಅಲ್ಲಿಯ ಕಾಯಿ ನಮ್ಮದಕ್ಕಿಂತ ಉದ್ದ, ಅಲ್ಲಿಯ ಗಾಳಿಯಲ್ಲಿ ಉಪ್ಪು, ಅಲ್ಲಿಯ ಹುಡುಗರಿಗೆ ತಾಳ್ಮೆ ಇಲ್ಲ, ಮೂರು ತಿಂಗಳಿಗೇ ಕಾಯಿ ಅಲ್ಲಾಡಿಸಿ ನೋಡುತ್ತಾರೆ. ನಾನು ಉಪ್ಪಿಟ್ಟು ತಿನ್ನುತ್ತಾ ಕೇಳುತ್ತಿದ್ದೆ. "ಅಲ್ಲಿ ಊಟ ಹೆಂಗ್ರೀ?" ಎಂದರೆ "ಸೇರ್ತದೆ" ಎನ್ನುತ್ತಿದ್ದರು. ಸುಳ್ಳು ಎಂದು ಕೊರಳಪಟ್ಟಿ ನೋಡಿದರೆ ತಿಳಿಯುತ್ತಿತ್ತು. ಕತ್ತು ಸಣ್ಣಗಾಗಿ ಶರಟು ದೊಡ್ಡದಾಗಿತ್ತು. ನೆಲದಲ್ಲಿ ಕೂತು ಲಿಂಗಪೂಜೆ ಮಾಡುವುದನ್ನು ಮಾತ್ರ ಒಂದು ದಿನವೂ ಬಿಟ್ಟಿರಲಿಲ್ಲವಂತೆ.

ಅಟ್ಟದ ಕಾಯಿ ಇನ್ನೇನು ಒಣಗಿತು ಎನ್ನುವ ಹೊತ್ತಿಗೆ ಅವರಿಗೆ ಲಕ್ವ ಹೊಡೆಯಿತು. ಅಟ್ಟದ ಏಣಿಯ ಬುಡದಲ್ಲಿ ಕುಸಿದು ಕೂತಿದ್ದರಂತೆ, ಬಲಗಡೆ ಪೂರ್ತಿ ಬಿದ್ದುಹೋಗಿತ್ತಂತೆ. ಕಾರ್ಖಾನೆಯ ಮ್ಯಾನೇಜರು ನನಗೆ ಫೋನು ಮಾಡುವ ಹೊತ್ತಿಗಾಗಲೇ ವಿಮಾ ಕಂಪನಿಯವರು ಸಣ್ಣ ವಿಮಾನವೊಂದರಲ್ಲಿ ಅವರನ್ನು ನೈರೋಬಿಗೆ ಸಾಗಿಸಿ ಆಗಿತ್ತು. ಅದು ಹತ್ತಿರದ ಸೂಕ್ತ ಆಸ್ಪತ್ರೆ. ನಾನು ಆಫೀಸಿನ ಮೇಜಿನ ಮೇಲೆ ಮೊಬೈಲು ಇಟ್ಟುಕೊಂಡು ನಕ್ಷೆಯಲ್ಲಿ ಆ ಊರು ಹುಡುಕಿದೆ. ನಡುವೆ ಇಷ್ಟಗಲ ನೀಲಿ. ಅಲ್ಲಿಯ ತನಕ ಆ ನೀಲಿಯ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ.

ಕಂಪನಿಯ ಸಹಾಯ ಕೇಂದ್ರದಿಂದ ಒಬ್ಬ ಹೆಣ್ಣುಮಗಳು ದಿನವೂ ಫೋನು ಮಾಡುತ್ತಿದ್ದಳು. ಎಲ್ಲಿಂದ ಮಾತಾಡುತ್ತಿದ್ದಳೋ, ಇಂಗ್ಲಿಷಿನಲ್ಲಿ ಶುರುಮಾಡಿ ನಾನು ತಡವರಿಸಿದರೆ ಹಿಂದಿಗೆ ಹೊರಳುತ್ತಿದ್ದಳು. ಬಹಳ ಮರ್ಯಾದಸ್ಥೆ. ರೋಗಿ ಸ್ಥಿರವಾಗಿದ್ದಾರೆ ಎನ್ನುತ್ತಿದ್ದಳು. ಸ್ಥಿರ ಎಂದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಸ್ಥಿರ ಎಂದು ಇನ್ನೊಮ್ಮೆ ಹೇಳುತ್ತಿದ್ದಳು. ಒಂದು ದಿನ ಅವಳೇ, ಬಹಳ ಮೃದುವಾಗಿ, "ಮೇಡಂ, ನೀವು ಹೋಗಿ ಅವರ ಜೊತೆಗಿರಬಹುದು. ಟಿಕೆಟ್ ನಾವು ಮಾಡುತ್ತೇವೆ. ನಿಮ್ಮ ಪಾಸ್‌ಪೋರ್ಟಿನ ಪ್ರತಿ ಕಳಿಸಿ" ಎಂದಳು.

ನಾನು ಇಲ್ಲ ಎಂದೆ.

"ಹೋಗುವುದಿಲ್ಲವೇ ಮೇಡಂ?"

"ಪಾಸ್‌ಪೋರ್ಟ್ ಇಲ್ಲ."

ಅವಳು ಕುಟುಂಬದಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಿದಳು. ಮೈದುನನಿಗಿಲ್ಲ, ಅವನ ಹೆಂಡತಿಗಿಲ್ಲ, ನನ್ನ ಅಣ್ಣನಿಗಿಲ್ಲ. ಫೋನು ಮಾಡಿ ಮಾಡಿ ಎಲ್ಲರನ್ನೂ ಕೇಳಿದೆ, ಸಾಲದೆಂದು ಬೈದೆ. ಏಜೆಂಟರು ಮನೆಗೆ ಬಂದು ತಲೆತಗ್ಗಿಸಿ ನಿಂತರು. ಅವರನ್ನು ಬೈಯಲಿಲ್ಲ. ಮಾರನೆಯ ದಿನವೇ ಹಾಸನಕ್ಕೆ ಹೋಗಿ ತುರ್ತಾಗಿ ಬೇಕೆಂದು ಅರ್ಜಿ ಹಾಕಿದೆ. ಮದುವೆಗೆ ಮುಂಚಿನ ಹೆಸರು ಒಂದು ದಾಖಲೆಯಲ್ಲಿ, ಆಮೇಲಿನ ಹೆಸರು ಇನ್ನೊಂದರಲ್ಲಿ ಎಂದು ವಾಪಸು ಕಳಿಸಿದರು. ಇಷ್ಟು ವರ್ಷ ಇದೇ ಕಾರಣಕ್ಕೆ ನಾನೂ ಎಷ್ಟೋ ಜನರನ್ನು ವಾಪಸು ಕಳಿಸಿದ್ದೇನೆ, ಜಗಳ ಆಡಲು ಬಾಯಿ ಬರಲಿಲ್ಲ. ಸರಿಮಾಡಿಸಿಕೊಂಡು ಮತ್ತೆ ಹೋದೆ. ಪಾಸ್‌ಪೋರ್ಟ್ ಅಂಚೆಯಲ್ಲಿ ಕೈಸೇರುವ ಹೊತ್ತಿಗೆ ಅದು ಯಾತಕ್ಕೂ ಬೇಕಾಗಿರಲಿಲ್ಲ.

ಈ ನಡುವೆ ಒಂದು ಸಲ ಅಲ್ಲಿಯ ನರ್ಸು ವಿಡಿಯೋದಲ್ಲಿ ಅವರನ್ನು ತೋರಿಸಿದಳು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ನನ್ನನ್ನು ನೋಡಿ ಎಡಗೈ ಎತ್ತಿದರು. ಮಾತು ಹೊರಡಲಿಲ್ಲ, ಅತ್ತರು. ಅವರು ಅತ್ತದ್ದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಏನೋ ಸಮಾಧಾನ ಹೇಳಬೇಕಿತ್ತು. ನನ್ನ ಬಾಯಲ್ಲಿ ಬಂದದ್ದು, "ಗಡ್ಡ ಯಾಕ್ರೀ ಹಿಂಗೆ ಬಿಟ್ಟಿದ್ದೀರಿ?"

ಒಂದು ವಾರ ಕಳೆದ ಮೇಲೆ ಸಹಾಯ ಕೇಂದ್ರದವಳು ನನ್ನ ಮುಂದೆ ಎರಡು ದಾರಿ ಇಟ್ಟಳು. ಸ್ಟ್ರೆಚರಿನಲ್ಲಿ ಮಲಗಿಸಿ, ನರ್ಸನ್ನು ಜೊತೆಮಾಡಿ ಬೆಂಗಳೂರಿಗೆ ಕಳಿಸಬಹುದು, ಅಪಾಯ ಇದೆ, ಆದರೂ ವೈದ್ಯರು ಒಪ್ಪಿದ್ದಾರೆ. ಇಲ್ಲವೇ ಅಲ್ಲೇ ಇದ್ದು ಚಿಕಿತ್ಸೆ ಮುಂದುವರಿಸಬಹುದು. ಆದರೆ ಒಂದು ಮಾತು ನೆನಪಿರಲಿ ಎಂದಳು. ಇದು ಪರದೇಶದಲ್ಲಿರುವವರ ವಿಮೆ. ಅವರು ಭಾರತದಲ್ಲಿ ಇಳಿದ ಕೂಡಲೇ ಕಂಪನಿಯ ಹೊಣೆ ಮುಗಿಯುತ್ತದೆ. ಮನೆಯವರ ತೀರ್ಮಾನ ತಿಳಿಸಬೇಕು.

ಇಂಥದ್ದನ್ನು ಫೋನಿನಲ್ಲಿ ಹೇಳುವುದಕ್ಕಾಗುವುದಿಲ್ಲ ಎಂದು ಅತ್ತೆಯ ಹತ್ತಿರ ಹೋದೆ. ಅವರು ಮಾದಿಹಳ್ಳಿಯಲ್ಲಿ ಮೈದುನನ ಜೊತೆ ಇರುವುದು. ಮಾವನ ಸಮಾಧಿಯೂ ಅಲ್ಲೇ ತೆಂಗಿನ ತೋಟದಲ್ಲಿದೆ. ಅರಸೀಕೆರೆಯಿಂದ ಬಸ್ಸು ಹತ್ತಿ, ಹಳೇಬೀಡಿನಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದೆ. ದೇವಸ್ಥಾನ ನೋಡಿ ಬಂದ ಪರದೇಶದ ಮುದುಕ ಮುದುಕಿಯರು ಎಳನೀರು ಕುಡಿಯುತ್ತಾ ನಿಂತಿದ್ದರು. ಇವರಿಗೆಲ್ಲ ಇಲ್ಲಿ ಲಕ್ವ ಹೊಡೆದರೆ ಹತ್ತಿರದ ಸೂಕ್ತ ಆಸ್ಪತ್ರೆ ಯಾವುದು ಎಂಬ ಯೋಚನೆ ಬಂತು. ಹಾಗೆ ಯೋಚಿಸಿದ್ದಕ್ಕೆ ನನ್ನ ಮೇಲೆ ನನಗೇ ಬೇಸರವಾಯಿತು.

ಅತ್ತೆ ಪೂರ್ತಿ ಕೇಳಿಸಿಕೊಂಡರು. "ಉಸ್ರು ಇರಂಗೇ ಕರ್ಸವ್ವ" ಎಂದರು.

"ಅಲ್ಲಿ ಚೆನ್ನಾಗಿ ನೋಡ್ಕೊಳ್ತಿದ್ದಾರೆ ಅತ್ತೆ. ಇಲ್ಲಿಗೆ ಬಂದ್ರೆ ಕಂಪನಿಯವ್ರು ಕೈಬಿಡ್ತಾರೆ. ದಾರೀಲಿ ಏನಾದ್ರೂ ಆದ್ರೆ? ಸ್ವಲ್ಪ ಹುಷಾರಾಗಿ ಬರ್ಲಿ."

"ಹುಷಾರಾಯ್ತಾನೆ ಅಂತ ಯಾರು ಬರ್ಕೊಟ್ರು?"

"ಆಗಲ್ಲ ಅಂತ ಯಾರು ಬರ್ಕೊಟ್ರು ಅತ್ತೆ?"

ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡರು. ತೋಟದ ಕಡೆ ನೋಡುತ್ತಾ, "ಅಲ್ಲೇ ಹೋಗ್ಬುಟ್ರೆ ಅವ್ನನ್ನ ಕೂರ್ಸೋರು ಯಾರವ್ವ?" ಎಂದರು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಪ್ರಾಣ ಹೋದ ಮೈ ಸೆಟೆದುಕೊಳ್ಳುವ ಮುಂಚೆಯೇ ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಣೆಗೆ ವಿಭೂತಿ ಬಳಿದು, ಬದುಕಿದ್ದಾಗ ಕೊರಳಲ್ಲಿದ್ದ ಇಷ್ಟಲಿಂಗವನ್ನು ಎಡಗೈಯಲ್ಲಿ ಇಟ್ಟು, ಪೂಜೆಗೆ ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಮಾವ ಆ ತೋಟದಲ್ಲಿ ಕೂತಿದ್ದಾರೆ, ಅವರಪ್ಪನೂ ಕೂತಿದ್ದಾರೆ. ಅತ್ತೆಗೆ ಮಗ ಸಾಯುತ್ತಾನೆ ಎನ್ನುವುದಕ್ಕಿಂತ ದಿಕ್ಕಿಲ್ಲದವನ ಹಾಗೆ ಮಲಗಿಬಿಡುತ್ತಾನೆ ಎನ್ನುವುದೇ ಭಯ. ನನಗದು ಅರ್ಥವಾಗಲಿಲ್ಲ ಎಂದಲ್ಲ. ಅರ್ಥವಾದದ್ದರಿಂದಲೇ ಮೈಯೆಲ್ಲ ಉರಿಯಿತು.

"ಅವ್ರಿನ್ನೂ ಬದ್ಕಿದ್ದಾರೆ ಅತ್ತೆ. ನಿಮ್ಗೆ ಆಗ್ಲೇ ಕೂರ್ಸೋ ಚಿಂತೆ ಬಂತಾ?" ಎಂದು ಅವರ ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಮೈದುನ ಒಳಗಿಂದ ಬಂದು, "ಅತ್ತಿಗೆ, ನಿಧಾನ" ಎಂದ. ಅತ್ತೆ ಎದ್ದು ದನದ ಹಟ್ಟಿಯ ಕಡೆ ಹೋದರು. ನಾನು ಕೊನೆಯ ಬಸ್ಸು ಹಿಡಿದು ವಾಪಸು ಬಂದೆ. ಮಾರನೆಯ ಬೆಳಿಗ್ಗೆ ಸಹಾಯ ಕೇಂದ್ರದವಳಿಗೆ, ಅಲ್ಲೇ ಇರಲಿ, ಪಾಸ್‌ಪೋರ್ಟ್ ಬಂದ ಕೂಡಲೇ ನಾನು ಹೋಗುತ್ತೇನೆ ಎಂದು ತಿಳಿಸಿದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಬದುಕಲಿ ಎಂದು ಆಸೆಪಟ್ಟದ್ದಕ್ಕೆ ನಾನು ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ.

ಪಾಸ್‌ಪೋರ್ಟ್ ಬರುವ ಮುಂಚೆಯೇ ಅವರಿಗೆ ಎರಡನೆಯ ಸಲ ಹೊಡೆಯಿತು. ಆ ದಿನ ಬೆಳಿಗ್ಗೆ ಆಫೀಸಿನ ಬೀಗ ತೆಗೆಯುವ ಹೊತ್ತಿಗೆ ಫೋನು ಬಂತು. ಅವಳು 'ಸ್ಥಿರ' ಎನ್ನಲಿಲ್ಲ, ಅಷ್ಟರಲ್ಲೇ ನನಗೆ ಗೊತ್ತಾಯಿತು. ಬಾಗಿಲಲ್ಲೇ ನಿಂತಿದ್ದೆ, ಜನ ನನ್ನನ್ನು ಸರಿಸಿಕೊಂಡು ಒಳಗೆ ಹೋಗುತ್ತಿದ್ದರು. ಅವಳು ನಿಜವಾಗಿಯೂ ನೊಂದುಕೊಂಡು ಮಾತಾಡಿದಳು. ಆಮೇಲೆ, ಕೇಳಲೇಬೇಕಾದ್ದರಿಂದ ಕೇಳಿದಳು: ಅಲ್ಲೇ ಸಂಸ್ಕಾರ ಮಾಡಿಸಬಹುದು, ಇಲ್ಲವೇ ದೇಹವನ್ನು ಮನೆಯ ತನಕ ತಲುಪಿಸಬಹುದು, ಯಾವುದು ಬೇಕು? ನಾವು ಓದದೆ ತಿರುವಿದ ಪುಟದಲ್ಲಿ ಇದೇ ಇತ್ತು. ಕಳಿಸಿ ಎಂದೆ.

ಕಂಪನಿಯವರು ಒಂದು ಮಾತಿಗೂ ತಪ್ಪಲಿಲ್ಲ. ಸಣ್ಣ ವಿಮಾನ ಎಂದಿದ್ದರು, ಬಂತು. ಸೂಕ್ತ ಆಸ್ಪತ್ರೆ ಎಂದಿದ್ದರು, ಸಿಕ್ಕಿತು. ಮನೆಯ ತನಕ ಎಂದಿದ್ದರು, ದೇವನಹಳ್ಳಿಯಿಂದ ತುಮಕೂರು, ತಿಪಟೂರು, ಅರಸೀಕೆರೆ ಹಾದು ಮಾದಿಹಳ್ಳಿಯ ತೋಟದ ತನಕ ಅವರೇ ಗೊತ್ತುಮಾಡಿದ ಆಂಬ್ಯುಲೆನ್ಸು ತಂದು ಬಿಟ್ಟಿತು. ಯಾರಾದರೂ ಒಬ್ಬರು ಮೋಸ ಮಾಡಿದ್ದರೆ ಎಷ್ಟೋ ವಾಸಿಯಿತ್ತು. ಬೈಯುವುದಕ್ಕೆ ಒಬ್ಬರೂ ಸಿಗದ ದುಃಖ ಎಷ್ಟು ಭಾರ ಎಂದು ನನಗೆ ಗೊತ್ತಾದದ್ದು ಆ ಗಾಡಿಯ ಹಿಂದೆ ಕಾರಿನಲ್ಲಿ ಕೂತು ಬಂದಾಗ.

ತೋಟದಲ್ಲಿ ಮಾವನ ಪಕ್ಕ ಗುಣಿ ತೋಡಿ ಸಿದ್ಧವಾಗಿತ್ತು. ಹಿಂದಿನಿಂದಲೂ ತೋಡುವ ಹಾಗೆಯೇ ತೋಡಿದ್ದರು. ಚಚ್ಚೌಕವಾಗಿ, ಆಳವಾಗಿ, ಕೂತವನ ತಲೆಯ ಮೇಲೂ ಮಣ್ಣು ಬರುವ ಹಾಗೆ, ಒಳಗಡೆ ಅವನಿಗೆಂದೇ ಒಂದು ಗೂಡು ಕೊರೆದು. ಮೈದುನ, ಅವನ ದಾಯಾದಿಗಳು, ಎಲ್ಲ ತಿಳಿದವರೇ. ಬರುವುದು ಉದ್ದನೆಯ ಪೆಟ್ಟಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಹಾರೆ ಹಿಡಿದ ಕೈಗೆ ಅದು ಹೊಳೆದಿರಲಿಲ್ಲ. ಗಾಡಿಯಿಂದ ಪೆಟ್ಟಿಗೆ ಇಳಿಸಿ ಗುಣಿಯ ಪಕ್ಕದಲ್ಲಿ ಇಟ್ಟಾಗ ಎಲ್ಲರೂ ಪೆಟ್ಟಿಗೆಯನ್ನೊಮ್ಮೆ ಗುಣಿಯನ್ನೊಮ್ಮೆ ನೋಡಿದರು.

ಪೆಟ್ಟಿಗೆ ತೆರೆಯಬೇಡಿ ಎಂದು ಆಂಬ್ಯುಲೆನ್ಸಿನವನು ಹೇಳಿದ. ಅತ್ತೆ, "ತೆಗೀರಿ" ಎಂದರು. ತೆಗೆದರು. ಅಲ್ಲಿಯವರು ಅವರಿಗೆ ಸೂಟು ತೊಡಿಸಿ ಕಳಿಸಿದ್ದರು. ಕಪ್ಪು ಕೋಟು, ಬಿಳಿ ಶರಟು, ಕೊರಳಿಗೆ ನೀಲಿ ಟೈ. ಪಂಚೆ ಬಿಟ್ಟು ಬೇರೆ ಉಡಲು ಮದುವೆಯ ದಿನವೂ ಒಪ್ಪದವರು. ಗಡ್ಡ ನುಣ್ಣಗೆ ಬೋಳಿಸಿದ್ದರು, ಬಾಯಿಯೂ ಸೊಟ್ಟಗಿರಲಿಲ್ಲ. ಯಾರೋ ಗುರುತಿಲ್ಲದವರು ಬಹಳ ಜೋಪಾನವಾಗಿ ಕೆಲಸ ಮಾಡಿದ್ದರು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ನೋರು ಬಗ್ಗಿ, ಮೊಣಕಾಲ ಕೆಳಗೆ ಕೈಕೊಟ್ಟು, ಮಡಿಸಲು ನೋಡಿದರು. ಇನ್ನೊಂದು ಸಲ ನೋಡಿದರು. ಆಮೇಲೆ ಕೈ ತೆಗೆದು, ಅತ್ತೆಯ ಕಡೆ ನೋಡದೆ, "ಲಿಂಗ ಎದೆ ಮ್ಯಾಲಿಡಾನ ಬುಡ್ರವ್ವ" ಎಂದರು. ಮೈದುನ ಪಂಚೆ ಎತ್ತಿ ಕಟ್ಟಿ ಗುಣಿಗೆ ಇಳಿದ. ಉದ್ದಕ್ಕೆ ತೋಡಲು ಶುರುಮಾಡಿದರು.

ಅಷ್ಟು ಹೊತ್ತು ನಾವೆಲ್ಲ ಕಾಯಬೇಕಾಯಿತು. ಗಂಡಸರು ತೆಂಗಿನ ಮರಗಳ ಕೆಳಗೆ ಅಲ್ಲಲ್ಲಿ ಕೂತರು. ಅತ್ತೆ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತರು. ಇನ್ನೊಂದು ಕಡೆ ನಾನು ಕೂತೆ. ಆ ದಿನದ ಜಗಳ ಆದ ಮೇಲೆ ಅವರು ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ಹಾರೆಯ ಸದ್ದು ಕೇಳುತ್ತಿತ್ತು.

"ನೀನು ಉಳೀಲಿ ಅಂದೆ" ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಬರ್ಲಿ ಅಂದೆ."

ನಾನು ತಲೆ ಎತ್ತಿದೆ.

"ಬಂದ" ಎಂದರು.

ಅದುವರೆಗೆ ಅಳು ಬಂದಿರಲಿಲ್ಲ. ಆಗ ಬಂತು. ಅತ್ತೆ ನನ್ನನ್ನು ತಡೆಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಮಗನ ಕೊರಳನ್ನೇ ನೋಡುತ್ತಿದ್ದರು. ಆಮೇಲೆ ಪೆಟ್ಟಿಗೆಯೊಳಗೆ ಬಗ್ಗಿ ಟೈ ಹಿಡಿದು ನೋಡಿ, "ಇದೊಂದ ಬಿಚ್ಚವ್ವ, ಉಸ್ರು ಕಟ್ತದೆ ಅವ್ನಿಗೆ" ಎಂದರು.

ಟೈ ಬಿಚ್ಚುವುದು ಹೇಗೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ನಾನು ಗಂಟು ಹಿಡಿದು ಎಳೆದೆ. ಅದು ಇನ್ನಷ್ಟು ಬಿಗಿಯಾಯಿತು.